ದಾಳಿಂಬೆ ಕೆಂಪೋ, ಗಿರಿಕುಂಕುಮವೋ?

ಹಸಿರು ಬೇಕೋ ಕೆಂಪು ಬೇಕೋ ಎಂಬುದನ್ನು ಮನೆಯಿಂದ ಹೊರಡುವಾಗಲೇ ತೀರ್ಮಾನ ಮಾಡಿಕೊಂಡು ಬರುವವರೇ ಹೆಚ್ಚು. ಬೈಲಹೊಂಗಲದ ಪೇಟೆಯ ಸೀರೆ ಅಂಗಡಿಗಳ ಗಾದಿಯ ಮೇಲೆ ಹೊತ್ತು ಹೋಗುವುದು ಅದರ ಮುಂದಿನ ಪ್ರಶ್ನೆಗೆ: ಕೆಂಪಿನಲ್ಲಿ ಯಾವ ಕೆಂಪು? ಇಳಕಲ್ ಸೀರೆಯ ದಾಳಿಂಬೆ ಕೆಂಪನ್ನೂ ಗಿರಿಕುಂಕುಮವನ್ನೂ ಪಕ್ಕಪಕ್ಕ ಹಾಸಿ, “ಅಕ್ಕಾರ, ಎರಡೂ ಹೆಚ್ಚೂಕಮ್ಮಿ ಒಂದ ಅದಾವ, ಯಾವ್ದರ ತಗೋರಿ” ಅನ್ನುತ್ತಾರೆ ಅಂಗಡಿಯವರು. ಒಂದೇ ಅಲ್ಲ ಎಂಬುದು ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಮನೆಗೆ ಒಯ್ದು ಕುಪ್ಪಸದ ಖಣದ ಜೊತೆ ಇಟ್ಟಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಈ ಪೇಚು ಸೀರೆಗಷ್ಟೇ ಅಲ್ಲ. ಕಿತ್ತೂರಿನಲ್ಲಿ ಹೊಸ ಮನೆ ಕಟ್ಟಿದವರು ಕಂಪೌಂಡಿಗೆ ಇಟ್ಟಂಗಿ ಬಣ್ಣವೋ ಕಾವಿಯೋ ಎಂದು ಶೇಡ್ ಕಾರ್ಡ್ ತಿರುವುತ್ತಾರೆ. ಸವದತ್ತಿಯಲ್ಲಿ ಅಂಗಡಿಯ ಬೋರ್ಡು ಬರೆಸುವವರಿಗೆ ಅರಿಷಿಣ ಬಣ್ಣವೋ ಲಿಂಬಿ ಹಳದಿಯೋ ಎಂಬ ಯೋಚನೆ. ರಾಮದುರ್ಗದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗೆ ಎರಡು ಕೇಸರಿ ತೋರಿಸಿ ‘ಯಾವುದು?’ ಎಂದು ಕೇಳಿದರೆ ಬೀಗರಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಚಿತ್ರಕಲೆಯ ಮೇಷ್ಟ್ರು ಬಿಸಿ ಬಣ್ಣ ಎಂದು ಹೇಳಿಕೊಡುವ ಕೆಂಪು, ಕೇಸರಿ, ಹಳದಿಗಳಲ್ಲಿ ಒಂದರ ಮಗ್ಗುಲಿಗೆ ಇನ್ನೊಂದು ಒತ್ತಿಕೊಂಡೇ ಇರುತ್ತದೆ. ಇಷ್ಟು ಹತ್ತಿರದ ಎರಡು ಬಣ್ಣಗಳಲ್ಲಿ ಯಾವುದು ಚೆಂದ ಎಂದು ಕೇಳುವುದೇ ದಂಡ. ಅವೆರಡರ ನಡುವೆ ಇರುವ ಅಂತರಕ್ಕಿಂತ ಬೆಳಕು, ಪಕ್ಕದ ಬಣ್ಣ, ಬಟ್ಟೆಯ ಹೊಳಪು ಉಂಟುಮಾಡುವ ಅಂತರವೇ ದೊಡ್ಡದು. ಬಣ್ಣ ಎಲ್ಲಿ ಇರಬೇಕೋ ಅಲ್ಲಿಟ್ಟು ನೋಡಿದರೆ ಅರ್ಧ ಗೊಂದಲ ತಾನಾಗಿ ಬಗೆಹರಿಯುತ್ತದೆ.

ಮೊದಲು ಎರಡಕ್ಕೂ ವ್ಯತ್ಯಾಸ ಎಲ್ಲಿದೆ ಅನ್ನುವುದನ್ನು ಹಿಡಿಯಿರಿ. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲೇ ಬಣ್ಣವನ್ನು ಮೂರು ಅಳತೆಗಳಾಗಿ ಬಿಡಿಸಿ ತೋರಿಸಿದ್ದ. ಬಣ್ಣ ಯಾವ ಕಡೆ ವಾಲಿದೆ ಎಂಬುದು ಒಂದು, ತಿಳಿಯೋ ಕಡುವೋ ಎಂಬುದು ಎರಡು, ಕಣ್ಣಿಗೆ ಹೊಡೆಯುವಷ್ಟು ಗಾಢವೋ ಮಂಕೋ ಎಂಬುದು ಮೂರು. ಎರಡು ತುಣುಕುಗಳನ್ನೂ ಬಿಳಿ ಹಾಳೆಯ ಮೇಲಿಟ್ಟು ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಕೆಂಪಿನಲ್ಲಿ ಒಂದು ಹಳದಿಯ ಕಡೆಗೆ, ಇಟ್ಟಂಗಿಯ ಕಡೆಗೆ ವಾಲಿರುತ್ತದೆ. ಇನ್ನೊಂದು ನೀಲಿಯ ಕಡೆಗೆ, ನೇರಳೆ ಹಣ್ಣಿನ ಕಡೆಗೆ. ಬಿಡಿಯಾಗಿ ನೋಡಿದರೆ ಇದು ತಿಳಿಯದು, ಒಂದರ ಪಕ್ಕ ಒಂದಿಟ್ಟರೆ ಕಾಣುತ್ತದೆ. ತಿಳಿ-ಕಡು ಗೊತ್ತುಮಾಡಿಕೊಳ್ಳಲು ಮೊಬೈಲಿನಲ್ಲಿ ಎರಡನ್ನೂ ಒಂದೇ ಫೋಟೋದಲ್ಲಿ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಎರಡೂ ಒಂದೇ ಬೂದಿ ಬಣ್ಣವಾಗಿ ಕಂಡರೆ ಅವುಗಳ ವ್ಯತ್ಯಾಸ ವಾಲುವಿಕೆಯಲ್ಲಿದೆ, ಇಲ್ಲವೇ ಗಾಢತನದಲ್ಲಿದೆ. ಹೆಸರನ್ನು ಮಾತ್ರ ನಂಬಬೇಡಿ. ಒಂದು ಅಂಗಡಿಯ ಗಿರಿಕುಂಕುಮ ಇನ್ನೊಂದು ಅಂಗಡಿಯಲ್ಲಿ ಬರೀ ಕುಂಕುಮ ಆಗಿರುತ್ತದೆ, ಒಂದು ಕಂಪನಿಯ ‘ಟೆರಾಕೋಟಾ’ ಇನ್ನೊಂದರ ‘ಬ್ರಿಕ್ ರೆಡ್’.

ಇನ್ನು ಬೆಳಕು. ಹಗಲಿನಲ್ಲಿ ಒಂದೇ ಎನಿಸಿದ ಎರಡು ಬಟ್ಟೆಗಳು ಟ್ಯೂಬ್‌ಲೈಟಿನ ಕೆಳಗೆ ಬೇರೆಯಾಗಿ ಕಾಣುವುದು ಕಣ್ಣಿನ ಮೋಸವಲ್ಲ. ಬೇರೆ ಬೇರೆ ರಾಸಾಯನಿಕ ಬಣ್ಣ ಹಾಕಿದ ನೂಲುಗಳು ಒಂದು ಬೆಳಕಿನಲ್ಲಿ ಹೊಂದಿಕೊಂಡು ಇನ್ನೊಂದರಲ್ಲಿ ಬೇರೆಯಾಗುತ್ತವೆ. ಸೀರೆ ಒಂದು ಊರಿನದು, ಖಣ ಇನ್ನೊಂದು ಊರಿನದು, ಎರಡರ ಬಣ್ಣದ ಪುಡಿಯೂ ಬೇರೆ ಅಂದಮೇಲೆ ಇದು ನಡೆದೇ ನಡೆಯುತ್ತದೆ. ಅದಕ್ಕೇ ಮೂರು ಕಡೆ ನೋಡಬೇಕು: ಅಂಗಡಿಯ ಬೆಳಕಿನಲ್ಲಿ, ಹೊರಗೆ ಕಟ್ಟೆಯ ನೆರಳಿನಲ್ಲಿ, ಮತ್ತು ಮನೆಯಲ್ಲೋ ಮಂಗಲ ಕಾರ್ಯಾಲಯದಲ್ಲೋ ಎಂಥ ದೀಪವಿದೆಯೋ ಅಂಥದ್ದರ ಕೆಳಗೆ. ಬಿಸಿಲಿಗೆ ನೇರ ಒಡ್ಡಿ ನೋಡುವವರಿದ್ದಾರೆ. ಅದು ಬೇಡ, ಬಿಸಿಲಿನಲ್ಲಿ ಎರಡೂ ಬಿಳಿಚಿಕೊಳ್ಳುತ್ತವೆ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 3000 ಕೆ ಎಂದಿದ್ದರೆ ಹಳದಿ ಬೆಳಕು, 6500 ಕೆ ಎಂದಿದ್ದರೆ ಬೆಳ್ಳಗಿನ ಬೆಳಕು. ಅಗ್ಗದ ಬಿಳಿ ಎಲ್‌ಇಡಿಗಳಲ್ಲಿ ಕಡುಗೆಂಪಿನ ಪಾಲು ಕಡಿಮೆ, ಹಾಗಾಗಿ ಕುಂಕುಮ ಕೆಂಪು ಅದರ ಕೆಳಗೆ ಕಂದಾಗಿ ಕಾಣುತ್ತದೆ. ಡಬ್ಬಿಯ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರೆ ಕೆಂಪಿಗೆ ಅಷ್ಟು ಅನ್ಯಾಯವಾಗದು. ಹಳದಿ ಬಲ್ಬಿನ ಕೆಳಗಿನ ಪೇಚೇ ಬೇರೆ: ಅಲ್ಲಿ ತಿಳಿ ಹಳದಿ ಮತ್ತು ಬಿಳಿ ಒಂದೇ ಆಗಿಬಿಡುತ್ತವೆ. ಸಂಜೆಯ ಆರತಕ್ಷತೆಗೆಂದು ಲಿಂಬಿ ಹಳದಿ ಆರಿಸಿದವರ ಸೀರೆ ಫೋಟೋದಲ್ಲಿ ಬಿಳಿ ಬಂದಿರುವುದು ಇದರಿಂದಲೇ.

ಕಣ್ಣು ದಣಿಯುವ ಸಂಗತಿಯೂ ಇದೆ. ಪ್ಯಾರಿಸಿನ ಗೋಬ್ಲ್ಯಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನ ವಿಜ್ಞಾನಿ ಶೆವ್ರಲ್‌ಗೆ ಒಂದು ದೂರು ಬಂದಿತ್ತು, ಕಪ್ಪು ನೂಲು ಕಪ್ಪಗೇ ಕಾಣುವುದಿಲ್ಲ ಎಂದು. ಪರೀಕ್ಷಿಸಿ ನೋಡಿದರೆ ನೂಲಿನಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣ ಅದನ್ನು ಕೆಡಿಸುತ್ತಿತ್ತು. ಅವನು 1839ರಲ್ಲಿ ಬರೆದ ದೊಡ್ಡ ಪುಸ್ತಕದಲ್ಲಿ ನಮ್ಮ ಸೀರೆ ಅಂಗಡಿಗಳಿಗೆ ಬರೆದಂತಿರುವ ಒಂದು ಮಾತಿದೆ: ಗಿರಾಕಿಗೆ ಹದಿನಾಲ್ಕು ಕೆಂಪು ಬಟ್ಟೆಗಳನ್ನು ಒಂದಾದ ಮೇಲೊಂದು ತೋರಿಸಿದರೆ, ಎಲ್ಲವೂ ಒಂದೇ ಥಾನಿನವಾದರೂ ಕೊನೆಯ ಆರೇಳು ಅವನಿಗೆ ಮಂಕಾಗಿ ಕಾಣುತ್ತವೆ. ಉಪಾಯವನ್ನೂ ಅವನೇ ಹೇಳಿದ್ದಾನೆ, ನಡುವೆ ಹಸಿರು ಬಟ್ಟೆ ತೋರಿಸಿ. ಅಂಗಡಿಯಲ್ಲಿ ಕೆಂಪು ಸೀರೆಗಳ ರಾಶಿ ಬಿದ್ದಾಗ ನೀವೇ ಕಣ್ಣನ್ನು ಸ್ವಲ್ಪ ಹೊತ್ತು ಹಸಿರು ಪತ್ತಲದ ಮೇಲೋ ಹೊರಗಿನ ಬೀದಿಯ ಮೇಲೋ ಇರಿಸಿ, ಆಮೇಲೆ ಮೊದಲು ನೋಡಿದ್ದನ್ನು ಮತ್ತೆ ತೆಗೆಸಿ. ಹಿಂದಕ್ಕೆ ತಳ್ಳಿದ್ದ ಸೀರೆಯೇ ಎಷ್ಟೋ ಸಲ ಗೆದ್ದು ಬರುತ್ತದೆ.

ಶೆವ್ರಲ್ ಕಂಡುಕೊಂಡ ಮುಖ್ಯ ನಿಯಮವನ್ನು ಇಳಕಲ್ ಸೀರೆಯಲ್ಲೇ ನೋಡಬಹುದು. ಅಕ್ಕಪಕ್ಕ ಬಂದ ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಸಿರಿನ ಮಗ್ಗುಲಲ್ಲಿ ಕೆಂಪು ಇನ್ನಷ್ಟು ಕೆಂಪೇರುತ್ತದೆ. ಅದೇ ಕೆಂಪನ್ನು ಕೇಸರಿಯ ಮಗ್ಗುಲಿಗೆ ಇಡಿ, ಸ್ವಲ್ಪ ನೇರಳೆಗೆ ತಿರುಗಿದಂತೆ ಕಾಣುತ್ತದೆ. ಕೇಸರಿಯನ್ನು ಹಳದಿಯ ಮೇಲೆ ಇಟ್ಟರೆ ಕೆಂಪಾಗುತ್ತದೆ, ಕೆಂಪಿನ ಮೇಲೆ ಇಟ್ಟರೆ ಹಳದಿಯಾಗುತ್ತದೆ. ಅಂದಮೇಲೆ ಸೀರೆಯ ಮೈ ಬಣ್ಣವನ್ನು ಒಂಟಿಯಾಗಿ ತೂಗಿ ನೋಡಿ ಪ್ರಯೋಜನವಿಲ್ಲ. ದಡಿ ಯಾವ ಬಣ್ಣದ್ದು, ಸೆರಗು ಯಾವುದು, ಕುಪ್ಪಸ ಯಾವುದು ಎಂಬುದೂ ಲೆಕ್ಕಕ್ಕೆ ಬರಬೇಕು. ಇಳಕಲ್ ಸೀರೆಯ ಮೈ ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ ಇಲ್ಲವೇ ಕೃತಕ ರೇಷ್ಮೆ. ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ತೋಪತೆನಿ ಸೆರಗಿನಲ್ಲಿ ಕೆಂಪು ನೆಲದ ಮೇಲೆ ಬಿಳಿ ಹಲ್ಲು ಹಲ್ಲಾಗಿ ಮೂಡಿರುತ್ತದೆ. ಒಂದೇ ಬಣ್ಣದಲ್ಲಿ ಅದ್ದಿದರೂ ರೇಷ್ಮೆಯ ಹೊಳಪಿಗೆ ಕೆಂಪು ಆಳವಾಗಿ ಕಾಣುತ್ತದೆ, ಹತ್ತಿಯ ಮೇಲೆ ಅದೇ ಕೆಂಪು ಸ್ವಲ್ಪ ಬೆಳ್ಳಗೆ. ಹಾಗಾಗಿ ಖಣವನ್ನು ಮೈಯ ಬಣ್ಣಕ್ಕೆ ಹೊಂದಿಸಲು ಹೋಗಬೇಡಿ, ಸೆರಗಿಗೆ ಹೊಂದಿಸಿ. ಹೆಗಲ ಮೇಲೆ ಕುಪ್ಪಸಕ್ಕೆ ಒತ್ತಿಕೊಂಡು ಬೀಳುವುದು ಸೆರಗು. ಹಾಗೆ ಹೊಂದಿಸುವಾಗ ಖಣವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ತಿರುಗಿಸಿ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಖಣ ಕೋನ ಬದಲಾದಂತೆ ಬಣ್ಣ ಬದಲಿಸುತ್ತದೆ.

ಹೊಂದಿಸಲು ಆಗದೇ ಹೋದರೆ? ಇಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಕೂದಲೆಳೆ ವ್ಯತ್ಯಾಸದ ಎರಡು ಕೆಂಪುಗಳನ್ನು ಒಂದರ ಮೇಲೊಂದು ಉಡಬೇಡಿ. ನೋಡಿದವರಿಗೆ ಅದು ಹೊಂದಿಸಲು ಹೋಗಿ ತಪ್ಪಿದಂತೆ ಕಾಣುತ್ತದೆ. ಒಂದೋ ತಾಳೆಯಾಗಬೇಕು, ಇಲ್ಲವೇ ಬೇಕೆಂದೇ ಬೇರೆ ಮಾಡಿದ್ದು ಎಂದು ದೂರದಿಂದಲೇ ತಿಳಿಯುವಷ್ಟು ಅಂತರ ಇರಬೇಕು. ದಾಳಿಂಬೆ ಸೀರೆಗೆ ಅದಕ್ಕಿಂತ ಎರಡು ಮೆಟ್ಟಿಲು ಕಡುವಾದ ಖಣ ಹಾಕಿ, ಅಥವಾ ದಡಿಯಲ್ಲಿರುವ ಹಸಿರನ್ನೇ ಎತ್ತಿಕೊಳ್ಳಿ. ಗೋಡೆಗೂ ಬೋರ್ಡಿಗೂ ಇದೇ ಮಾತು.

ಕೆಂಪು ಹತ್ತಿಯಲ್ಲಿ ಇನ್ನೊಂದು ಪರೀಕ್ಷೆ ಉಳಿದಿದೆ. ಬಿಳಿ ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ, ಹಿಂಡಿ, ಸೀರೆಯ ಒಳ ಅಂಚಿನ ಮೇಲೆ ಒತ್ತಿ ಉಜ್ಜಿ. ಬಿಳಿ ಗುಲಾಬಿಯಾದರೆ ಮೊದಲ ಒಗೆತಕ್ಕೇ ತೋಪತೆನಿಯ ಬಿಳಿಯೂ ಗುಲಾಬಿಯಾಗುತ್ತದೆ. ಎರಡರಲ್ಲಿ ಬಣ್ಣ ಬಿಡದ್ದು ಯಾವುದೋ ಅದು ನಿಮ್ಮದು, ಅಲ್ಲಿಗೆ ಚರ್ಚೆ ಮುಗಿಯಿತು. ಆಹೇರಿಗೆಂದು ಒಂದೇ ಬಣ್ಣದ ಹತ್ತಾರು ಸೀರೆ ಬೇಕಿದ್ದರೆ ರಾಮದುರ್ಗ, ಸುರೇಬಾನದ ಕಡೆಯ ನೇಕಾರರನ್ನಾಗಲಿ ಇಳಕಲ್‌ನವರನ್ನಾಗಲಿ ಮೊದಲೇ ಕೇಳಿಕೊಳ್ಳಿ, ಎಲ್ಲಕ್ಕೂ ಒಂದೇ ಸಲ ಅದ್ದಿದ ನೂಲು ಸಿಗುತ್ತದೆಯೇ ಎಂದು. ಮೊದಲ ಬಾನಿಯ ಕೆಂಪಿಗೂ ಎರಡನೇ ಬಾನಿಯ ಕೆಂಪಿಗೂ ಸ್ವಲ್ಪವಾದರೂ ಫರಕು ಬರುತ್ತದೆ.

ನೈಸರ್ಗಿಕ ಬಣ್ಣದ ಬಟ್ಟೆಯ ಆಸೆ ಈಗ ಹೆಚ್ಚಿದೆ. ಯಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗಿಬಂದ ಬಿಳಿ ಅಂಗಿಯನ್ನು ಒಗೆದವರಿಗೆ ಅರಿಷಿಣದ ಗುಣ ಹೇಳಿಕೊಡಬೇಕಿಲ್ಲ. ಭಂಡಾರದ ಹಳದಿ ಕಲೆಗೆ ಸಾಬೂನು ತಾಗಿದ ಕ್ಷಣ ಅದು ಕೆಂಪಾಗುತ್ತದೆ, ಬಿಸಿಲಿಗೆ ಒಣಗಿಸಿದರೆ ಕ್ರಮೇಣ ಮಾಯವಾಗುತ್ತದೆ. ಅರಿಷಿಣಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಕ್ಷಾರಕ್ಕೆ ಕೆಂಪಾಗುವ ಇದೇ ಗುಣದಿಂದ. ಪೂಜೆಗೆ ಅದು ಸರಿ. ಕಿಟಕಿಯ ಪರದೆಗೆ, ದಿನಾ ಒಗೆಯುವ ಬಟ್ಟೆಗೆ ಅರಿಷಿಣದ ಹಳದಿಯನ್ನು ಆರಿಸಬೇಡಿ, ಬಿಸಿಲಿಗೆ ಅದು ನಿಲ್ಲುವುದಿಲ್ಲ.

ಗೋಡೆಯ ವಿಷಯಕ್ಕೆ ಬಂದರೆ ಶೇಡ್ ಕಾರ್ಡಿನ ಬೆರಳಗಲದ ಚೌಕವೇ ಮೊದಲ ಮೋಸ. ಅಷ್ಟು ಚಿಕ್ಕದಾಗಿ ಹಿತವಾಗಿ ಕಂಡ ಬಣ್ಣ ನಾಲ್ಕೂ ಗೋಡೆಗೆ ಹರಡಿದಾಗ ಜೋರಾಗುತ್ತದೆ. ಕೋಣೆಯೊಳಗೆ ಒಂದು ಗೋಡೆಯ ಕೆಂಪು ಎದುರು ಗೋಡೆಗೆ ಬಡಿದು ಮರಳಿ ಬರುವುದರಿಂದ ಬಿಸಿ ಬಣ್ಣಗಳು ಇನ್ನಷ್ಟು ಕಾಯುತ್ತವೆ. ಒಳಗೋಡೆಗೆ ಎರಡರಲ್ಲಿ ಒಂದನ್ನು ಆರಿಸುವಾಗ ಮಂಕಾದದ್ದನ್ನೇ, ತಿಳಿಯಾದದ್ದನ್ನೇ ತೆಗೆದುಕೊಳ್ಳಿ. ಹೊರಗೋಡೆಗೆ ಇದರ ತದ್ವಿರುದ್ಧ. ನಮ್ಮ ಬಿಸಿಲಿಗೆ ಬಣ್ಣ ಬಿಳಿಚುವುದರಿಂದ ಅಲ್ಲಿಗೆ ಕಡುವಾದದ್ದೇ ಸರಿ.

ಯಾವ ಗೋಡೆಗೆ ಎಂಬುದೂ ಮುಖ್ಯ. ಬಣ್ಣ ನೋಡಲು ಉತ್ತರದ ಬೆಳಕು ಒಳ್ಳೆಯದು, ಆ ಕಡೆ ಬಿಸಿಲು ಬೀಳುವುದಿಲ್ಲ ಎಂದು ಯುರೋಪಿನ ಚಿತ್ರಕಾರರು ಬರೆದಿಟ್ಟದ್ದನ್ನು ನಾವೂ ಓದುತ್ತೇವೆ. ಬೈಲಹೊಂಗಲ ಇರುವುದು ಸುಮಾರು 15.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಉತ್ತರದ ಗೋಡೆಗೂ ಬಿಸಿಲು ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ದಕ್ಷಿಣದ ಗೋಡೆ ಬೇಯುತ್ತದೆ, ಪಡುವಣ ಗೋಡೆಗಂತೂ ವರ್ಷವಿಡೀ ಇಳಿಹೊತ್ತಿನ ಬಿಸಿಲು. ಬಣ್ಣ ಬೇಗ ಮಾಸುವುದು ಈ ಎರಡು ಗೋಡೆಗಳಲ್ಲಿ. ಇಲ್ಲಿಗೆ ಹೊಳೆಯುವ ಕೆಂಪು-ಕೇಸರಿಗಿಂತ ಕಾವಿ, ಇಟ್ಟಂಗಿ, ಮಣ್ಣಿನ ಹಳದಿ ಬಾಳುತ್ತವೆ. ಅವುಗಳ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ಅದು ಬಿಸಿಲಿಗೆ ಜಗ್ಗುವುದಿಲ್ಲ. ಹಳೆಯ ಮನೆಗಳ ಬುಡಕ್ಕೆ ಬಳಿದ ಕೆಮ್ಮಣ್ಣಿನ ಪಟ್ಟಿ, ಕಾರಹುಣ್ಣಿವೆಗೆ ಎತ್ತುಗಳಿಗೆ ಹಚ್ಚುವ ಹುರಮಂಜ ಇದೇ ಜಾತಿಯವು. ಹೊಳಪಿನ ಕೆಂಪು ಹಳದಿಗಳ ಇನ್ನೊಂದು ದೋಷವೆಂದರೆ ಅವು ಹಳೆ ಬಣ್ಣವನ್ನು ಮುಚ್ಚುವುದಿಲ್ಲ, ಮೂರನೆಯ ಕೋಟಿಗೂ ಡಬ್ಬಿ ತರಬೇಕಾಗುತ್ತದೆ. ಕಾವಿ ಜಾತಿಯವು ಸಾಮಾನ್ಯವಾಗಿ ಎರಡರಲ್ಲಿ ಮುಚ್ಚುತ್ತವೆ.

ಮಣ್ಣೂ ಮಳೆಯೂ ಈ ಸೀಮೆಯಲ್ಲಿ ಒಂದೇ ತೆರನಲ್ಲ. ಕಿತ್ತೂರಿನ ಕಡೆ ಮಳೆ ಹೆಚ್ಚು, ಕೆಂಪು ಮಣ್ಣು ಗೋಡೆಯ ಬುಡಕ್ಕೆ ಸಿಡಿಯುತ್ತದೆ. ಸವದತ್ತಿ, ರಾಮದುರ್ಗದ ಎರಿ ಸೀಮೆಯಲ್ಲಿ ಕಪ್ಪು ಧೂಳು ಕೂರುತ್ತದೆ. ಕಿತ್ತೂರಿನವರು ಬುಡಕ್ಕೆ ಮಣ್ಣಿನದೇ ಬಣ್ಣದ ಇಟ್ಟಂಗಿ ಕೆಂಪು ಆರಿಸಿದರೆ ಸಿಡಿದದ್ದು ಕಾಣುವುದಿಲ್ಲ. ಎರಿ ಸೀಮೆಯಲ್ಲಿ ಅದೇ ಇಟ್ಟಂಗಿ ಕೆಂಪಿನ ತಿಳಿ ಬಗೆಯ ಮೇಲೆ ಧೂಳು ಎದ್ದು ಕಾಣುತ್ತದೆ, ಅಲ್ಲಿಗೆ ಕಂದು ಕಡೆ ವಾಲಿದ ಕಡು ಕಾವಿಯೇ ವಾಸಿ.

ಸ್ಯಾಂಪಲ್ ಬಳಿಯುವಾಗ ಗೋಡೆಯ ಮೇಲೆ ನೇರವಾಗಿ ಬಳಿಯಬೇಡಿ, ಹಳೆಯ ಹಸಿರೋ ನೀಲಿಯೋ ಅದನ್ನು ತಿರುಚುತ್ತದೆ. ಎರಡಡಿ ಚೌಕದ ಎರಡು ಹಾರ್ಡ್‌ಬೋರ್ಡ್ ತುಂಡುಗಳಿಗೆ ಎರಡೆರಡು ಕೋಟು ಹೊಡೆದು, ಸುತ್ತ ನಾಲ್ಕು ಬೆರಳು ಬಿಳಿ ಬಿಟ್ಟು, ಒಂದು ದಿನ ಒಣಗಲು ಬಿಡಿ. ಹಸಿ ಬಣ್ಣ ನೋಡಿ ತೀರ್ಪು ಕೊಡಬೇಡಿ. ಆಮೇಲೆ ಒಂದೊಂದನ್ನೇ ಗೋಡೆಯಿಂದ ಗೋಡೆಗೆ ಸಾಗಿಸಿ, ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಎರಡನ್ನೂ ಒತ್ತಟ್ಟಿಗೆ ನಿಲ್ಲಿಸಿದರೆ ನೀವು ಅವುಗಳ ಜಗಳವನ್ನು ನೋಡುತ್ತೀರಿ. ನಾಳೆ ಗೋಡೆಯ ಮೇಲೆ ಇರುವುದು ಒಂದೇ.

ಹೊಳಪಿನ ಹಳದಿ, ಕೇಸರಿ ಎನಾಮಲ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಈ ಬಣ್ಣಗಳಿಗೆ ಹಿಂದೆ ಸೀಸದ ಕ್ರೋಮೇಟನ್ನು ಧಾರಾಳವಾಗಿ ಬಳಸುತ್ತಿದ್ದರು. 2016ರಲ್ಲಿ ಹೊರಟ ಕೇಂದ್ರದ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂದು, ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂದಿತು. ಗೇಟು, ಕಿಟಕಿ, ಮಕ್ಕಳ ಮಂಚಕ್ಕೆ ಬಳಿಯುವುದಿದ್ದರೆ ಡಬ್ಬಿಯ ಮೇಲೆ ಅದನ್ನು ಓದಿ ಕೊಳ್ಳಿ. ಹೆಸರಿಲ್ಲದ ಅಗ್ಗದ ಡಬ್ಬಿಯ ಹಳದಿ ಎಷ್ಟೇ ಝಗಝಗಿಸಲಿ, ಬಿಟ್ಟುಬಿಡಿ.

ಬೋರ್ಡು, ಬ್ಯಾನರಿನ ಲೆಕ್ಕ ಸರಳ: ಅಕ್ಷರ ಓದಲು ಬರಬೇಕು. ಹಳದಿ ನೆಲದ ಮೇಲೆ ಕೆಂಪು ಅಕ್ಷರ ದೂರಕ್ಕೂ ಕಾಣುತ್ತದೆ. ಕೆಂಪಿನ ಮೇಲೆ ಕೇಸರಿ ಅಕ್ಷರ ಹತ್ತು ಹೆಜ್ಜೆಗೇ ಕರಗುತ್ತದೆ, ಬಿಳಿಯ ಮೇಲೆ ಲಿಂಬಿ ಹಳದಿಯೂ ಹಾಗೆಯೇ. ಎರಡು ಹಳದಿಗಳಲ್ಲಿ ನೆಲಕ್ಕೆ ತಿಳಿಯಾದದ್ದನ್ನು, ಎರಡು ಕೆಂಪುಗಳಲ್ಲಿ ಅಕ್ಷರಕ್ಕೆ ಕಡುವಾದದ್ದನ್ನು ಆರಿಸಿ. ಮುಸ್ಸಂಜೆಯ ಮಬ್ಬಿನಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ, ಅದನ್ನೂ ನೆನಪಿಡಿ. ಫ್ಲೆಕ್ಸ್ ಮತ್ತು ಲಗ್ನಪತ್ರಿಕೆಯಲ್ಲಿ ಕಂಪ್ಯೂಟರ್ ಪರದೆಯ ಕೇಸರಿ ಕಾಗದದ ಮೇಲೆ ಎಂದೂ ಅಷ್ಟು ಹೊಳೆಯುವುದಿಲ್ಲ; ಪರದೆ ತಾನೇ ಬೆಳಗುತ್ತದೆ, ಕಾಗದಕ್ಕೆ ನಾಲ್ಕು ಶಾಯಿಗಳಷ್ಟೇ ಗತಿ. ನೂರು ಪಾಲು ಹಳದಿ ಶಾಯಿಗೆ ಮಜೆಂಟಾ ಇಪ್ಪತ್ತು ಪಾಲು ಬೆರೆತರೆ ಅರಿಷಿಣದ ಹಳದಿ, ಅರವತ್ತಕ್ಕೆ ಕೇಸರಿ, ನೂರಕ್ಕೆ ಕುಂಕುಮ ಕೆಂಪು ಎಂದು ಒಂದು ಅಂದಾಜು ಇಟ್ಟುಕೊಂಡು ಅದರ ಮೇಲೆ ಹೆಚ್ಚುಕಡಿಮೆ ಮಾಡಿಸಿ. ಪೂರ್ತಿ ಛಾಪಿಸುವ ಮೊದಲು ಅದೇ ಯಂತ್ರದಲ್ಲಿ, ಅದೇ ಕಾಗದದ ಮೇಲೆ ಒಂದು ತುಣುಕು ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ ಬಣ್ಣ ಒಪ್ಪಬಾರದು. ಪುಣೆಯಲ್ಲಿರುವ ಮಗಳು ಕಳಿಸಿದ ಸೀರೆಯ ಫೋಟೋದಲ್ಲಿ ಅವಳ ಕ್ಯಾಮೆರಾ ಒಂದು ಬಣ್ಣ ತಿದ್ದಿರುತ್ತದೆ, ನಿಮ್ಮ ಮೊಬೈಲಿನ ರಾತ್ರಿ ಮೋಡ್ ಇನ್ನೊಂದು ತಿದ್ದುತ್ತದೆ. ಎರಡಿಂಚು ಬಟ್ಟೆಯ ತುಂಡನ್ನೋ ಒಂದೆಳೆ ನೂಲನ್ನೋ ಲಕೋಟೆಯಲ್ಲಿ ತರಿಸಿಕೊಳ್ಳುವುದು ಮೇಲು.

ಹತ್ತಿರದ ಎರಡು ಕೇಸರಿಗಳ ಗೊಂದಲವನ್ನು ಪೂರ್ತಿ ಬಗೆಹರಿಸಿಕೊಂಡವರು ನಮ್ಮ ನೆರೆಯಲ್ಲೇ ಇದ್ದಾರೆ. ರಾಷ್ಟ್ರಧ್ವಜದ ಖಾದಿ ನೇಯ್ದು ಹೆಸರಾದ ಗರಗ ಧಾರವಾಡ ತಾಲೂಕಿನದು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ಘಟಕ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಪಡೆದದ್ದು. ಧ್ವಜಕ್ಕೆ ಕೇಸರಿ ಎಂದಷ್ಟೇ ಹೇಳಿದರೆ ಸಾಲದು. ಐಎಸ್ 1 ಎಂಬ ಮಾನಕದಲ್ಲಿ ಆ ಕೇಸರಿಗೆ ವರ್ಣಾಂಕಗಳೇ ಇವೆ, 0.538 ಮತ್ತು 0.360, ಹೊಳಪು 21.5. ಯಂತ್ರದಲ್ಲಿ ಅಳೆದಾಗ ನಿಗದಿಯಾದ ಮಿತಿಯೊಳಗೆ ಬರದ ಬಟ್ಟೆ ಧ್ವಜವಾಗುವುದಿಲ್ಲ, ಅಲ್ಲಿ ಯಾರ ಕಣ್ಣಿನ ಮಾತೂ ನಡೆಯದು.

ಮನೆಗೂ ಒಂದು ಸಂಖ್ಯೆ ಸಾಕು. ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರ ಡಬ್ಬಿಗೆ ಅಂಟಿಸುವ ಚೀಟಿಯಲ್ಲಿ ಶೇಡಿನ ಕೋಡ್, ಬೇಸ್, ಬೆರೆಸಿದ ತಾರೀಕು ಇರುತ್ತದೆ. ಅದರ ಫೋಟೋ ತೆಗೆದಿಡಿ, ಕೋಡನ್ನು ಮೀಟರ್ ಬೋರ್ಡಿನ ಬಾಗಿಲ ಒಳಬದಿಗೆ ಬರೆದಿಡಿ. ಬೇಕಾದಷ್ಟು ಡಬ್ಬಿಗಳನ್ನು ಒಂದೇ ಬ್ಯಾಚಿನಲ್ಲಿ ಕೊಂಡು, ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿ ಬಳಿಸಿ. ಸೀರೆಗಾದರೆ ಒಳ ಅಂಚಿನಿಂದ ಬಿಡಿಸಿದ ನಾಲ್ಕೆಳೆ ನೂಲನ್ನು ಕಾಗದಕ್ಕೆ ಸುತ್ತಿ, ಅಂಗಡಿಯ ಚೀಟಿಯ ಜೊತೆ ಇಡಿ.

ಇಷ್ಟೆಲ್ಲ ಪರೀಕ್ಷೆ ದಾಟಿಯೂ ಎರಡು ಬಣ್ಣ ಸಮಸಮ ನಿಂತರೆ ಇನ್ನು ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಮ್ಮೆ ಕೇಳಿದಾಗ ಅದೇ ಅಂಗಡಿಯಲ್ಲಿ ಸಿಗುವಂಥದ್ದನ್ನು ತೆಗೆದುಕೊಳ್ಳಿ. ಎರಡೂ ಸಿಗುತ್ತವೆ ಎಂದಾದರೆ, ಅಗ್ಗದ್ದನ್ನು.